ನಾಲ್ಕನೆಯ ಅಡಿ

ನಮ್ಮ ಚಿಕ್ಕಮ್ಮನನ್ನು ಬೀದಿಯವರೆಲ್ಲ ‘ನಕ್ಷೆ ಅಕ್ಕ’ ಎಂದೇ ಕರೆಯುವುದು. ಇಪ್ಪತ್ತೆರಡು ವರ್ಷದಿಂದ ಒಬ್ಬ ಇಂಜಿನಿಯರ್ ಕಚೇರಿಯ ಕಿಟಕಿ ಪಕ್ಕ ಕೂತು ಕಂಡವರ ಮನೆಗಳ ನಕ್ಷೆ ಬರೆಯುತ್ತಿದ್ದಾಳೆ. ಅವಳ ಜೊತೆ ಪೇಟೆಗೆ ಹೋದರೆ ಬೇಗ ಮನೆ ಸೇರುವ ಆಸೆ ಬಿಡಬೇಕು. ಈ ಅಡುಗೆಮನೆ ತನ್ನದು, ಆ ಮೆಟ್ಟಿಲು ತನ್ನದು, ಅಗೋ ಆ ಬಾಲ್ಕನಿ ಮಾತ್ರ ಮಾಲೀಕರ ಹಟ, ತನಗೆ ಸಂಬಂಧವಿಲ್ಲ ಎಂದು ತೋರಿಸುತ್ತ ನಿಂತುಬಿಡುತ್ತಾಳೆ. ಅವಳಿರುವುದು ಬಾಡಿಗೆಯ ಒಂದೂವರೆ ಕೋಣೆಯಲ್ಲಿ. ಆ ಅರ್ಧ ಕೋಣೆಯೂ ಚಿಕ್ಕಪ್ಪನ ಹೊಲಿಗೆ ಯಂತ್ರದ ಪಾಲು.

ಸ್ವಂತ ಜಾಗ ಇಲ್ಲವೆಂದಲ್ಲ. ಮದುವೆಯಾದ ಹೊಸದರಲ್ಲೇ ಎರಡು ಕಟ್ಟಡಗಳ ನಡುವೆ ಹದಿನಾರಡಿ ಅಗಲದ ಒಂದು ಪಟ್ಟಿ ಕೊಂಡಿದ್ದರು. ಮರುವರ್ಷವೇ ಹೊಸ ನಿಯಮ ಬಂತು: ಎಷ್ಟೇ ಚಿಕ್ಕ ಸೈಟಾದರೂ ಎರಡೂ ಪಕ್ಕದಲ್ಲಿ ನಾಲ್ಕು ನಾಲ್ಕು ಅಡಿ ಬಿಡಬೇಕು. ಉಳಿಯುವುದು ಎಂಟಡಿ, ಅದರಲ್ಲಿ ಗೋಡೆಗಳ ದಪ್ಪ ಬೇರೆ. ಅಷ್ಟರಲ್ಲಿ ಕಟ್ಟಿದರೆ ಮನೆಯೊಳಗೆ ಎದುರುಬದುರು ಬಂದವರಲ್ಲಿ ಒಬ್ಬರು ಹಿಂದಕ್ಕೆ ಹೋಗಬೇಕಾಗುತ್ತದೆ ಎಂದು ಚಿಕ್ಕಪ್ಪ ನಗೆಯಾಡುತ್ತಿದ್ದ. ಚಿಕ್ಕಮ್ಮ ನಗುತ್ತಿರಲಿಲ್ಲ.

ಈ ವರ್ಷ ಆ ನಿಯಮ ಬದಲಾಯಿತು. ಹನ್ನೆರಡು ಪುಟದ ಸುತ್ತೋಲೆ ಕಚೇರಿಗೆ ಬಂದ ಮಧ್ಯಾಹ್ನ, ನಾಲ್ಕನೇ ಪುಟ ಓದುತ್ತಿದ್ದವಳು ಧಡಕ್ಕನೆ ಎದ್ದು, ಚಪ್ಪಲಿ ಮರೆತು ಬರಿಗಾಲಲ್ಲಿ ನಮ್ಮ ಮನೆಗೆ ಓಡಿ ಬಂದಳು. ಚಿಕ್ಕ ಸೈಟುಗಳಲ್ಲಿ ಇನ್ನು ಒಂದು ಪಕ್ಕ ಗಡಿಗೇ ಗೋಡೆ ತಾಗಿಸಬಹುದು, ಇನ್ನೊಂದು ಪಕ್ಕ ಮೂರಡಿ ಬಿಟ್ಟರೆ ಸಾಕು. ಹದಿನಾರರಲ್ಲಿ ಹದಿಮೂರು! ಅಮ್ಮನ ಎರಡೂ ಕೈ ಹಿಡಿದು ನಡುಮನೆಯಲ್ಲಿ ಒಂದು ಸುತ್ತು ತಿರುಗಿಸಿದಳು. ನಲವತ್ತೇಳರ ಹೆಂಗಸು ಹಾಗೆ ಕುಣಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ಖುಷಿ ತಡೆಯಲಾಗಲಿಲ್ಲ.

ಹತ್ತೇ ದಿನದಲ್ಲಿ ನಕ್ಷೆ ಬರೆದಳು. ಅದರಲ್ಲಿ ಎಂಟು ದಿನ ಮುಂದಿನ ಕೋಣೆಯೊಡನೆ ಜಗಳವಾಡಿದ್ದೇ ಆಯಿತು. ಮಂಚ ಹಾಕಿದರೆ ಹೊಲಿಗೆ ಯಂತ್ರ ಕೂರುವುದಿಲ್ಲ, ಯಂತ್ರ ಕೂರಿಸಿದರೆ ಓಡಾಡುವ ದಾರಿಯಿಲ್ಲ. ಕೊನೆಗೆ ಯಂತ್ರವನ್ನು ಮೆಟ್ಟಿಲ ಕೆಳಗಿನ ಕತ್ತಲೆಗೆ ತಳ್ಳಿದಳು. ದೀಪ ಹಾಕಿಕೊಂಡು ಹೊಲಿಯುತ್ತೇನೆ ಎಂದು ಚಿಕ್ಕಪ್ಪ ಒಪ್ಪಿಕೊಂಡ. ನಗರಸಭೆಯವರು ನೋಡಿ, ಎಲ್ಲ ಸರಿಯಿದೆಯೆಂದು ಮುದ್ರೆ ಒತ್ತಿಯೂ ಕೊಟ್ಟರು.

ಪಾಯ ಅಗೆಯುವ ದಿನ ಬೆಳಿಗ್ಗೆ ಎಂಟಕ್ಕೆಲ್ಲ ನಾವು ಸೈಟಿನಲ್ಲಿದ್ದೆವು. ಮೇಸ್ತ್ರಿ ದಾರ ಕಟ್ಟಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರೆ ಚಿಕ್ಕಮ್ಮ ಇಲ್ಲದ ಬಾಗಿಲಿಂದ ಒಳಗೆ ಹೋಗಿ, ಇಲ್ಲದ ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ, ಇಲ್ಲದ ಕಿಟಕಿಯಿಂದ ನನ್ನನ್ನು ಕರೆದು ಮಾತಾಡಿಸಿದಳು. ನಾಲ್ವರು ಆಳುಗಳು ಗುದ್ದಲಿ ಹಿಡಿದು ಕಾದಿದ್ದರು.

ಟೇಪು ಸುತ್ತುತ್ತಿದ್ದ ಮೇಸ್ತ್ರಿ ತಟ್ಟನೆ ನಿಂತ.

“ಅಕ್ಕಾ, ಹೊಸ ರೂಲಲ್ಲಿ ಪಕ್ಕಕ್ಕೆ ಮೂರಡಿ ಅಲ್ವಾ? ನೀವು ನಾಲ್ಕು ಬಿಟ್ಟಿದೀರಲ್ಲ.”

ಚಿಕ್ಕಮ್ಮ ನಕ್ಷೆ ಬಿಡಿಸಿ ನೋಡಿದಳು. ಗೆರೆಯ ಮೇಲೆ ಬೆರಳಿಟ್ಟು ಮತ್ತೆ ಓದಿದಳು: ನಾಲ್ಕೇ. ಇಪ್ಪತ್ತೆರಡು ವರ್ಷ ಯಾವ ನಕ್ಷೆಗೆ ಕೂತರೂ ಮೊದಲು ಪಕ್ಕಕ್ಕೆ ನಾಲ್ಕಡಿಯ ಗೆರೆ ಎಳೆದು ಆಮೇಲೆ ಮನೆಯ ಬಗ್ಗೆ ಯೋಚಿಸಿದ ಕೈ ಅದು. ಬೀದಿಗೆಲ್ಲ ಹೊಸ ನಿಯಮ ಸಾರಿದ್ದು ಬಾಯಿ. ಕೈಗೆ ಯಾರೂ ಹೇಳಿರಲಿಲ್ಲ. ನಗರಸಭೆಯವರಾದರೂ ಏಕೆ ತಡೆಯುತ್ತಾರೆ? ಮೂರು ಬಿಡಬೇಕಾದಲ್ಲಿ ನಾಲ್ಕು ಬಿಟ್ಟರೆ ತಪ್ಪಲ್ಲವಲ್ಲ.

ಮೇಸ್ತ್ರಿಗೆ ಇದು ದೊಡ್ಡ ವಿಷಯವೇ ಅಲ್ಲ. ಗೆರೆ ಒಂದಡಿ ಸರಿಸಿದರಾಯಿತು, ಯಾರು ಬಂದು ಅಳೆಯುತ್ತಾರೆ ಎಂದ. ಚಿಕ್ಕಪ್ಪ, ಅದೂ ಬೇಡ, ಇದ್ದಂತೆಯೇ ಅಗೆಯಲಿ ಎಂದ. ನಕ್ಷೆ ಮತ್ತೆ ನಗರಸಭೆಗೆ ಹೋದರೆ ಮೂರು ತಿಂಗಳು ಹಿಡಿಯುತ್ತದೆ. ಮೇಸ್ತ್ರಿ ಈ ವಾರ ಬಿಟ್ಟರೆ ಬೇರೆ ಕೆಲಸಕ್ಕೆ ಹೋಗುತ್ತಾನೆ, ಆಮೇಲೆ ವರ್ಷವಿಡೀ ಸಿಗುವುದಿಲ್ಲ.

“ಒಂದಡಿ ತಾನೇ, ಹೋಗ್ಲಿ ಬಿಡು” ಎಂದ ಚಿಕ್ಕಪ್ಪ.

“ಬಟ್ಟೆ ಇದ್ದೂ ಬಿಗಿಯಾಗಿ ಹೊಲಿದು ಕೊಡ್ತೀರಾ ನೀವು?” ಎಂದಳು ಚಿಕ್ಕಮ್ಮ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. “ಕದ್ದು ಕಟ್ಟೋದಾಗಿದ್ರೆ ಇಷ್ಟು ವರ್ಷ ಯಾಕೆ ಕಾಯ್ತಿದ್ದೆ ನಾನು? ಸಂಜೆ ತನಕ ಗುದ್ದಲಿ ಕೆಳಗಿಡ್ಸಿ.”

ನನ್ನ ಸ್ಕೂಟರಿನ ಸೀಟೇ ಮೇಜಾಯಿತು. ನಾನು ಕಾಗದದ ನಾಲ್ಕು ಮೂಲೆ ಹಿಡಿದು ನಿಂತೆ, ಅವಳು ಹೊಸ ಹಾಳೆಯಲ್ಲಿ ಮನೆಯನ್ನು ಮತ್ತೆ ಬರೆದಳು. ಹದಿಮೂರಡಿ ಸಿಕ್ಕ ಕೂಡಲೇ ಮುಂದಿನ ಕೋಣೆ ಹಟ ಬಿಟ್ಟಿತು. ಯಂತ್ರ ಮೆಟ್ಟಿಲ ಕೆಳಗಿಂದ ಎದ್ದು ಕಿಟಕಿಗೆ ಬಂತು, ಮಂಚ ಗೋಡೆಗೆ ಸರಿಯಿತು, ಓಡಾಡಲು ದಾರಿಯೂ ಉಳಿಯಿತು. “ಕೂತ್ಕೊಂತಲ್ಲೇ, ಕೂತ್ಕೊಂತು” ಎಂದು ನನ್ನ ತೋಳು ಹಿಂಡಿದಳು. ನೋವಾಯಿತು, ಆದರೂ ನಾನು ಕಾಗದ ಬಿಡಲಿಲ್ಲ.

ನಗರಸಭೆಯಲ್ಲಿ ಎಂದಿನಂತೆ ಸಾಲು. ಚಿಕ್ಕಮ್ಮ ದಾರಿಯುದ್ದಕ್ಕೂ ಅಧಿಕಾರಿಗೆ ಏನೇನು ಹೇಳಿ ಕಾಡಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳು. ಮೂರು ತಿಂಗಳನ್ನು ಮೂರು ದಿನವಾದರೂ ಮಾಡಿಸಬೇಕು. ಒಂದು ಗಂಟೆ ನಿಂತು ಅವಳ ಸರದಿ ಬಂದಾಗ, ವರ್ಷಗಳಿಂದ ಅವಳನ್ನು ಬಲ್ಲ ಆ ಅಧಿಕಾರಿ ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಒಂಬತ್ತನೇ ಪುಟ ಓದ್ಲಿಲ್ವಾ ನೀವು?”

ಓದಿರಲಿಲ್ಲ. ನಾಲ್ಕನೇ ಪುಟಕ್ಕೇ ಎದ್ದು ಓಡಿದವಳು ಉಳಿದದ್ದನ್ನು ಎಲ್ಲಿ ಓದುತ್ತಾಳೆ? ಅವರೇ ತೆಗೆದು ತೋರಿಸಿದರು. ಚಿಕ್ಕ ಮನೆಗಳಿಗೆ, ಪಾಯ ಅಗೆಯುವ ಮೊದಲು, ಒಂದಡಿವರೆಗಿನ ಬದಲಾವಣೆಗೆ ನಗರಸಭೆಯ ಒಪ್ಪಿಗೆ ಬೇಕಿಲ್ಲ. ಹತ್ತು ವರ್ಷ ಅನುಭವವಿದ್ದರೆ, ನಕ್ಷೆ ಬರೆದವರೇ ಜವಾಬ್ದಾರಿ ಹೊತ್ತು ಸಹಿ ಮಾಡಿ ಒಂದು ಪ್ರತಿ ಕೊಟ್ಟರೆ ಸಾಕು.

“ಹಾಗಾದ್ರೆ ಇಂಜಿನಿಯರ್ ಸಾಹೇಬ್ರನ್ನ ಕರ್ಕೊಂಡು ಬರ್ತೀನಿ” ಎಂದಳು ಚಿಕ್ಕಮ್ಮ.

“ಬರೆದಿದ್ದು ಅವರಾ?”

ಸಾವಿರಾರು ಮನೆ ಬರೆದಿದ್ದಾಳೆ ನಮ್ಮ ಚಿಕ್ಕಮ್ಮ. ಒಂದರ ಕೆಳಗೂ ಅವಳ ಹೆಸರಿಲ್ಲ. ಮೂಲೆಯಲ್ಲಿ ಸಹಿಯ ಚಿಕ್ಕ ಚೌಕವನ್ನು ಅಚ್ಚುಕಟ್ಟಾಗಿ ಬರೆದು, ಖಾಲಿ ಬಿಟ್ಟು, ಸಾಹೇಬರ ಮೇಜಿನ ಮೇಲಿಟ್ಟು ಬರುವುದಷ್ಟೇ ಅವಳ ಕೆಲಸವಾಗಿತ್ತು. ಈಗ ಅಧಿಕಾರಿ ತಮ್ಮ ಪೆನ್ನನ್ನೇ ಅವಳತ್ತ ಚಾಚಿದರು. ಅವಳು ಸೆರಗಿಗೆ ಅಂಗೈ ಒರೆಸಿಕೊಂಡು, ಬಗ್ಗಿ, ಚೌಕದ ತುಂಬ ಸಹಿ ಹಾಕಿದಳು. ಕೊನೆಯ ಅಕ್ಷರ ಚೌಕ ದಾಟಿ ಹೊರಗೆ ಹೋಯಿತು. ನನ್ನ ಕಣ್ಣು ತುಂಬಿತು.

ಹೊರಗೆ ಬಂದವಳೇ ಚಿಕ್ಕಪ್ಪನಿಗೆ ಫೋನ್ ಮಾಡಿ, ಗೆರೆ ಒಂದಡಿ ಸರಿಸಿ ಅಗೆಯಲು ಶುರು ಮಾಡಿಸಿ ಎಂದಳು. ಅವನಿಗೆ ನಂಬಿಕೆ ಬರಲಿಲ್ಲ. ಇಷ್ಟು ಬೇಗ ಯಾರು ಸಹಿ ಹಾಕಿದರು ಎಂದು ಅವನು ಕೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ನಾನು” ಎಂದಳು ಚಿಕ್ಕಮ್ಮ.