ಫ್ಲಾಪಿ ಬ್ಯಾರೆ ಕಟ್ಟುವ ಅಮೋಗಸಿದ್ಧ

ನವಿ ಪೇಠದಿಂದ ಮುಂಬೈ ಬಂದರಕ್ಕೆ ಚಾದರ ಕಳಿಸುವ ಆ ಆಫೀಸಿನಲ್ಲಿ ಮಾಲಕರ ಮಾತು ಮೀರಿದರೂ ನಡೆದೀತು, ಕಂಪ್ಯೂಟರ್ ನೋಡಿಕೊಳ್ಳುವ ಅಮೋಗಸಿದ್ಧನ ಮಾತು ಮೀರುವಂತಿಲ್ಲ. ಕುರನೂರಿನಿಂದ ಎಸ್‌ಟಿ ಬಸ್ಸಿಗೆ ಬರುವ ಈ ಮನುಷ್ಯ ಸಮುದ್ರ ಕಂಡವನಲ್ಲ. ಆದರೂ ಇಡೀ ಬಂದರ ತನ್ನ ಹೆಗಲ ಮೇಲಿದ್ದಂತೆ ಕೂತಿರುತ್ತಾನೆ. ಸರಕಿನ ಕಾಗದಪತ್ರಗಳು ಇಲ್ಲಿಂದ ಫ್ಲಾಪಿಯಲ್ಲೇ ಬಂದರಕ್ಕೆ ಹೋಗುತ್ತವೆ. ಪಾಸ್‌ವರ್ಡ್ ಹೊಡೆಯುವಾಗ ಗೋಡೆಯ ಮೇಲಿನ ದೇವರ ಫೋಟೋಕ್ಕೂ ಬೆನ್ನು ಮಾಡುತ್ತಾನೆ. ಹೊರಗಿನ ಫ್ಲಾಪಿ, ಮಾಲಕರೇ ತಂದಿರಲಿ, ಮೊದಲು ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ವೈರಸ್ ತಪಾಸಣೆ ಮುಗಿಸಿಕೊಂಡೇ ಬರಬೇಕು. "ತಡಾ ಆದ್ರ ಆಗ್ಲಿರಿ. ನಮ್ಮ ಫ್ಲಾಪಿ ರೋಗ ಬಂದರಕ್ಕ ಹತ್ತಿದ್ರ ಹಡಗ ನಿಂತಬಿಡ್ತಾವ," ಅನ್ನುತ್ತಾನೆ. ಪೇಠದ ಆಫೀಸುಗಳೆಲ್ಲ ವೈರಸ್ ಹತ್ತಿ ಮಲಗಿದ ವಾರವೂ ಇವರ ಕಾಗದಪತ್ರಗಳು ವೇಳೆಗೆ ಸರಿಯಾಗಿ ಬಂದರ ಮುಟ್ಟಿದವು. ಇದನ್ನೆಲ್ಲ ಯಾವ ಕ್ಲಾಸಿನಲ್ಲಿ ಕಲಿತಿರಿ ಎಂದು ಟೈಪಿಸ್ಟ್ ಶರ್ವರಿ ಕೇಳಿದಾಗ, ಅವನು ಫ್ಲಾಪಿ ಒರೆಸುತ್ತಲೇ ಹೇಳಿದ: "ಕ್ಲಾಸಲ್ಲರಿ ಅಕ್ಕಾರ, ಕುರಿಹಟ್ಟಿ. ಸಂತ್ಯಾಗಿಂದ ತಂದ ಕುರಿ ಎಂಟ ದಿನಾ ಬ್ಯಾರೆ ಕಟ್ಟಬೇಕು. ನಾ ಸಣ್ಣಾಂವಿದ್ದಾಗ, ಒಂದ ಹೊಸಾ ಮರಿ ಒದರತೈತಿ ಅಂತ ಬಿಚ್ಚಿ ಹಿಂಡಿನಾಗ ಬಿಟ್ಟೆ. ಅದರ ರೋಗ ಹತ್ತಿ ತಿಂಗಳದಾಗ ಹಟ್ಟಿ ಖಾಲಿ ಆತು. ನಮ್ಮವ್ವ ಒಂದ ಮಾತೂ ಬೈಲಿಲ್ಲರಿ."