ಇಬ್ಬರ ಗಾಡಿ

ರಾಣೇಬೆನ್ನೂರಿನ ಓಣಿಗಳಲ್ಲಿ ನಾನು ತಳ್ಳುಗಾಡಿ ಮೇಲೆ ಉಳ್ಳಾಗಡ್ಡಿ ಮಾರುತ್ತಿದ್ದೆ. ನನ್ನ ಹೆಂಡತಿ ಮಂಡ್ಯದ ಕಡೆಯವಳು. ನಾನು ಮುಂದೆ "ಉಳ್ಳಾಗಡ್ಡೀ" ಅಂತ ಒದರಿದರೆ, ಹಿಂದಿನಿಂದ ಗಾಡಿ ದೂಡುತ್ತ ಅವಳು "ಈರುಳ್ಳೀ" ಅನ್ನುತ್ತಿದ್ದಳು. ಓಣಿಯ ಹೆಂಗಸರು ಅಣಕಿಸುತ್ತಿದ್ದರು. ನಾನೂ ನಕ್ಕವನೇ. ಹದಿನೆಂಟು ವರ್ಷವಾದರೂ ಅವಳು ಆ ಮಾತು ಬಿಡಲಿಲ್ಲ.

ಅವಳು ತೀರಿಕೊಂಡು ತಿಂಗಳಾದ ಮೇಲೆ ಗಾಡಿ ಹೊರಗೆ ತೆಗೆದೆ. "ಉಳ್ಳಾಗಡ್ಡೀ" ಅಂದೆ. ಹಿಂದಿನಿಂದ ಏನೂ ಕೇಳಲಿಲ್ಲ. ನಾಲ್ಕು ಮನೆ ದಾಟುವುದರೊಳಗೆ ತಡೆಯಲಾಗದೆ "ಈರುಳ್ಳೀ" ಅಂತಲೂ ನಾನೇ ಒದರಿದೆ.

ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಕರೆದರು. ಗುರುತಿನವರಲ್ಲ.

"ಯಾವೂರೋ ನಿಂದು?"

"ಇದ ಊರ್ರಿ."

"ಮತ್ತ ಆ ಕಡೆ ಮಾತು ಯಾಕ? ನಮ್ಮ ಮಾತು ಆಡಾಕ ನಾಚಿಕಿ ಬರತೈತೇನು?"

"ನಮ್ಮ ಮಾತೂ ಒದರೇನ್ರಿ. ಇನ್ನೊಂದು ನನ್ನ ಹೇಣ್ತಿದು."

"ಹಂಗಾರ ಆಕೀನ ಒದರ್ಲಿ ಬಿಡು."

"ಆಕಿ ಸತ್ತು ತಿಂಗಳಾತ್ರಿ."

ಅವರು ಕಟ್ಟೆಯಿಂದ ಇಳಿದರು. ಆಮೇಲೆ ಮೆತ್ತಗೆ, "ಆದ್ರೂ ಒಂದು ಮಾಲಿಗೆ ಒಂದ ಹೆಸರು ಸಾಕಲ್ಲೋ ತಮ್ಮಾ" ಅಂದರು.

"ಸಾಲಂಗಿಲ್ರಿ. ಇದು ಇಬ್ಬರ ಗಾಡಿ. ನೀವು ಬ್ಯಾಡ ಅಂದ್ರೂ ನಾಳಿ ಮತ್ತ ಒದರಾವನ ನಾನು."

ಅವರು ಎರಡರಲ್ಲಿ ಯಾವ ಹೆಸರನ್ನೂ ಹೇಳಲಿಲ್ಲ. ಗಾಡಿಯ ಕಡೆ ಬೆರಳು ತೋರಿಸಿ, "ಒಂದು ಕಿಲೋ ಹಾಕು" ಅಂದರು.

ನಾನು ತಕ್ಕಡಿ ಎತ್ತಿ ಕೇಳಿದೆ: "ಯಾವುದು ಹಾಕ್ಲಿ, ಯಜಮಾನ್ರ?"

ಗಾಡಿಯಲ್ಲಿ ಇದ್ದದ್ದು ಒಂದೇ ರಾಶಿ.