ಸೈಡ್ ಆ್ಯಕ್ಟರ್‌ಗೆ ಅಮ್ಮನ ಶಿಳ್ಳೆ

ಮದುವೆಯಾದ ಮೇಲೆ ಗಂಡನ ಜೊತೆ ನನ್ನ ಮೊದಲ ಸಿನಿಮಾ, ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು! ತುಮಕೂರಿನ ಮಾಲ್‌ನಲ್ಲಿ ಐದು ಭಾಷೆಯ ಪೋಸ್ಟರ್‌ಗಳಲ್ಲೂ ಅದೇ ಮುಖ ಕಂಡಿದ್ದೇ ತಡ, ನನ್ನ ನೆನಪು ಸ್ಕೂಲ್ ದಿನಗಳ ಗುಬ್ಬಿಯ ಹಳೇ ಟಾಕೀಸಿಗೆ ಜಾರಿಬಿಟ್ಟಿತು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಈಗಿನ ಈ ಸ್ಟಾರ್‌ಗೆ ಆಗ ಹೀರೋನ ಗೆಳೆಯನ ಪಾತ್ರ, ಇದ್ದದ್ದು ಒಂದೇ ಡೈಲಾಗ್. ಅವನು ತೆರೆ ಮೇಲೆ ಬಂದ ಕೂಡಲೇ ಅಮ್ಮ ಸೆರಗಿಗೆ ಕೈ ಒರೆಸಿ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಇಡೀ ಟಾಕೀಸಿನಲ್ಲಿ ಅದೊಂದೇ ಶಿಳ್ಳೆ!

"ಯಾರವ್ವಾ ಅದು, ಹೀರೋನ ಬುಟ್ಟು ಚಮಚಾಗೆ ಸಿಳ್ಳೆ ಹೊಡ್ದಿದ್ದು?" ಹಿಂದಿನಿಂದ ಯಾರೋ ನಕ್ಕರು.

"ನೋಡ್ತಾ ಇರಿ, ಇವ್ನೇ ಮುಂದ್ಕೆ ಹೀರೋ ಆಗೋದು ಕಣ್ರೀ!" ಅಂದಳು ಅಮ್ಮ.

ಮುಂದಿನ ಸಾಲಿನಿಂದ ನನ್ನ ಕಾನ್ವೆಂಟ್ ಗೆಳತಿ ತಿರುಗಿ ನೋಡಿದಳು. ನಾನು ನಾಚಿಕೆಯಿಂದ ಕುಗ್ಗಿಹೋದೆ. "ಸುಮ್ನಿರಮ್ಮಾ, ಜನ ನೋಡ್ತಾರೆ" ಎಂದು ಅವಳ ಕೈ ಎಳೆದೆ. ಅಮ್ಮ ಬೆರಳು ಮಡಚಿಕೊಂಡಳು.

ಮೊನ್ನೆ ಮಾಲ್‌ನಲ್ಲಿ ಅವನ ಎಂಟ್ರಿಗೆ ಎಲ್ಲರೂ ಮೊಬೈಲ್ ಎತ್ತಿದರು, ಶಿಳ್ಳೆಯೇ ಇಲ್ಲ. ನಾನು ಬೆರಳಿಟ್ಟು ಊದಿದೆ. ಬರೀ ಗಾಳಿ! ನನ್ನ ಗಂಡ ಬಿದ್ದು ಬಿದ್ದು ನಕ್ಕ. "ನೀನೇ ಹೊಡಿಯಮ್ಮಾ, ಪ್ಲೀಸ್" ಎಂದೆ.

ಅಮ್ಮ ಅಳಿಯನ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. "ಬುಡು ಕಣೇ, ಜನ ನೋಡ್ತಾರೆ."